ಕ್ಷಮೆಗೂ ಒಂದು ಅಂತಸ್ತು

ಲೆಬನಾನನ್ನು 1975ರಿಂದ 1990ರವರೆಗೆ ಸುಟ್ಟ ಅಂತರ್ಯುದ್ಧದಲ್ಲಿ ಕಾಣೆಯಾದವರು ಸುಮಾರು 17,000 ಎಂಬ ಅಂಕಿಯೇ ಹೆಚ್ಚು ಚಾಲ್ತಿಯಲ್ಲಿದೆ. ಯುದ್ಧ ಮುಗಿದ ಮರುವರ್ಷ, 1991ರ ಆಗಸ್ಟ್‌ನಲ್ಲಿ, ಸಾಮೂಹಿಕ ಕ್ಷಮಾದಾನದ ಕಾನೂನು ಬಂತು. ನೋಡಬೇಕಾದದ್ದು ಅದರ ವಿನಾಯಿತಿಯನ್ನು: ರಾಜಕೀಯ, ಧಾರ್ಮಿಕ ನಾಯಕರನ್ನೂ ವಿದೇಶಿ ರಾಜತಾಂತ್ರಿಕರನ್ನೂ ಕೊಂದವರಿಗೆ ಕ್ಷಮೆಯಿಲ್ಲ. ಅಂದರೆ ರಸ್ತೆ ತಡೆದು, ಗುರುತಿನ ಚೀಟಿಯಲ್ಲಿ ಧರ್ಮದ ಹೆಸರು ಓದಿ ಬಡಪಾಯಿಯನ್ನು ಕೊಂದದ್ದು ಮಾಫಿ. ಮುಖಂಡನನ್ನು ಕೊಂದದ್ದು ಮಾತ್ರ ಅಪರಾಧ. ಕಟಕಟೆಗೆ ಎಳೆದಿದ್ದರೆ ಸಶಸ್ತ್ರ ಗುಂಪುಗಳು ಬಂದೂಕು ಕೆಳಗಿಡುತ್ತಲೇ ಇರಲಿಲ್ಲ ಎಂಬ ವಾದವುಂಟು. ತೂಕದ ವಾದವೇ. ಆದರೆ ಶಿಕ್ಷೆ ಬಿಡುವುದು ಬೇರೆ, ಹೆಣ ಎಲ್ಲಿ ಹೂತಿದೆ ಎಂದು ಕೇಳದೇ ಬಿಡುವುದು ಬೇರೆ. ಬಾಯಿಬಿಟ್ಟವರಿಗಷ್ಟೇ ಕ್ಷಮೆ ಎಂಬ ಷರತ್ತನ್ನಾದರೂ ಹಾಕಬಹುದಿತ್ತು, ಹಾಕುವವರ್ಯಾರು? ಆಗಿನ ಮಂತ್ರಿಮಂಡಲದಲ್ಲಿ ಅದೇ ಗುಂಪುಗಳ ಕೆಲ ನಾಯಕರೂ ಇದ್ದರು!

ಈ ಅಂತಸ್ತು ಮುಂದೆಯೂ ಉಳಿಯಿತು. 2005ರ ಫೆಬ್ರವರಿ 14ರಂದು ಮಾಜಿ ಪ್ರಧಾನಿ ರಫೀಕ್ ಹರೀರಿ ಬಾಂಬಿಗೆ ಬಲಿಯಾದಾಗ ಅಂತರರಾಷ್ಟ್ರೀಯ ನ್ಯಾಯಮಂಡಳಿಯೇ ರಚನೆಯಾಯಿತು. ಆರೋಪಿಗಳ ಗೈರಿನಲ್ಲೇ 2020ರಲ್ಲಿ ತೀರ್ಪೂ ಬಂತು. ಅದೇ 2005ರಲ್ಲಿ ಬೈರುತ್‌ನ ವಿಶ್ವಸಂಸ್ಥೆ ಕಟ್ಟಡದ ಎದುರಿನ ಉದ್ಯಾನದಲ್ಲಿ ಕಾಣೆಯಾದವರ ತಾಯಂದಿರು ಡೇರೆ ಹಾಕಿ, ಮಕ್ಕಳ ಫೋಟೊ ತೂಗುಹಾಕಿ ಕುಳಿತರು. ಅವರ ಮಕ್ಕಳನ್ನು ಹುಡುಕಲು ಆಯೋಗ ರಚಿಸುವ ಕಾನೂನು ಬಂದದ್ದು 2018ರಲ್ಲಿ, ಯುದ್ಧ ಮುಗಿದು 28 ವರ್ಷವಾದ ಮೇಲೆ.