ಅಂತರ್ಜಾಲದ ಹರಾಜುಕಟ್ಟೆ

1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಒಮಿದ್ಯಾರ್ ಎಂಬ ತರುಣನು ಅಂತರ್ಜಾಲದಲ್ಲಿ 'ಆಕ್ಷನ್‌ವೆಬ್' ಎಂಬ ಹರಾಜುಕಟ್ಟೆಯನ್ನು ತೆರೆದು, ಕೆಟ್ಟುಹೋದ ತನ್ನದೊಂದು ಲೇಸರ್ ಪಾಯಿಂಟರನ್ನು ಅದರಲ್ಲಿಟ್ಟಾಗ, ಅದು 14.83 ಡಾಲರಿಗೆ ವಿಕ್ರಯವಾಯಿತು. ಕೊಂಡಾತನು ಕೆಟ್ಟವುಗಳನ್ನೇ ಕೂಡಿಡುವ ಸಂಗ್ರಾಹಕನಂತೆ! 1997ರಲ್ಲಿ 'ಈಬೇ' ಎಂಬ ಅಭಿಧಾನವನ್ನು ತಳೆದ ಈ ಕಟ್ಟೆಯನ್ನಾಶ್ರಯಿಸಿ ಅಲ್ಪ ಬಂಡವಾಳದ ವರ್ತಕರು ಅನೇಕರು ತಲೆಯೆತ್ತಿದರು. ವಿಕ್ರಯಕ್ಕಿಂತ ಸರಕನ್ನರಸುವುದೇ ಅವರಿಗೆ ಪ್ರಯಾಸಕರವಾಗಿದ್ದಿತೆನ್ನಬೇಕು: ವಾರಾಂತ್ಯದ ಮುಂಜಾನೆ, ಗೃಹಸ್ಥರು ಗ್ಯಾರೇಜಿನ ಮುಂದೆ ಹರಡಿದ ಹಳೆಯ ಸಾಮಾನುಗಳ ನಡುವೆ ಬಗ್ಗಿ, ಪಿಂಗಾಣಿ ತಟ್ಟೆಯನ್ನು ಮಗುಚಿ ತಳದ ಮುದ್ರೆಯನ್ನೋದಿ, ಅಂಚು ಒಡೆದಿದೆಯೇ ಎಂದು ಬೆರಳಿನಿಂದ ಸವರಿ, ಚೌಕಾಸಿ ಮಾಡಿ ಕೊಂಡ ಬಳಿಕವಷ್ಟೇ ಛಾಯಾಚಿತ್ರ, ವರ್ಣನೆ, ಅಂಚೆಯ ಕಟ್ಟು ಇತ್ಯಾದಿ. ದೋಷವನ್ನು ಮರೆಮಾಚಿದವನ ಹಣೆಬರಹವನ್ನಾದರೋ, 1996ರಲ್ಲಿಯೇ ಏರ್ಪಟ್ಟಿದ್ದ ಗ್ರಾಹಕರ ಅಭಿಪ್ರಾಯಪಟ್ಟಿಯು ಬರೆಯುತ್ತಿದ್ದಿತು. ಭಾರತದಲ್ಲಿ ಇದೇ ಮಾದರಿಯಲ್ಲಿ ನಡೆಯುತ್ತಿದ್ದ 'ಬಾಜೀ.ಕಾಂ' ಅನ್ನು ಈಬೇ 2004ರಲ್ಲಿ ಕೊಂಡುಕೊಂಡಿತು.