ಸುಬೇದಾರರ ಇಳಿಜಾರು

ಮೆಜೆಸ್ಟಿಕ್ ಕಡೆಯ ಬಸ್ಸಿನಲ್ಲಿ ಹುಡುಗನೊಬ್ಬ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. "ಎಸ್.ಸಿ. ರೋಡ್ ಮಚ್ಚಾ. ಫುಲ್ ಫಾರ್ಮ್ ಏನೋ ಗೊತ್ತಿಲ್ಲ, ಬೋರ್ಡಲ್ಲಿ ಹಂಗೇ ಇದೆ." ಸುಬೇದಾರ್ ಛತ್ರದ ರಸ್ತೆ ಕಣಪ್ಪ ಅನ್ನೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಆನಂದರಾವ್ ಸರ್ಕಲ್ ಬಂತು, ಇಳಿದುಹೋದ.

ಈಗ ಒಂದಕ್ಷರಕ್ಕೆ ಬಂದು ನಿಂತಿರುವ ಸುಬೇದಾರ ಒಂದು ಕಾಲಕ್ಕೆ ಸೀಮೆಯನ್ನೇ ಆಳಿದವನು. ಬಿಜಾಪುರ ಬಿದ್ದ ಮರುವರ್ಷ, 1687ರಲ್ಲಿ, ಮೊಗಲರು ಶಿರಾವನ್ನು ತಮ್ಮ ಹೊಸ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿಕೊಂಡರು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡೆ, ಬಸವಾಪಟ್ಟಣ, ಬೂದಿಹಾಳಗಳೆಲ್ಲ ಅದರ ಪರಗಣೆಗಳು. ಮೊದಲ ಸುಬೇದಾರ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿ ಕೈ ತೊಳೆದುಕೊಂಡ. ಇವತ್ತು ಆ ದುಡ್ಡಿಗೆ ಇದೇ ರಸ್ತೆಯಲ್ಲಿ ಒಂದು ಮಳಿಗೆಯ ಅಡ್ವಾನ್ಸೂ ಹುಟ್ಟುವುದಿಲ್ಲ. ಮುಂದೆ ಬಂದ ದಿಲಾವರ್ ಖಾನ್ ಶಿರಾದಲ್ಲಿ ಕಟ್ಟಿಸಿದ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವು ಎನ್ನುತ್ತಾರೆ. ಹೈದರಾಲಿಯಂಥ ಹೈದರಾಲಿಗೂ 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗ್‌ನ ಕೈಯಿಂದ ಶಿರಾದ ನವಾಬಗಿರಿ ಬೇಕಾಗಿತ್ತು.

ಅಲ್ಲಿಂದ ಇಳಿಜಾರು. ಇಂಗ್ಲಿಷರ ಕಾಲದ ಕೊಡಗಿನಲ್ಲಿ ಸುಬೇದಾರನೆಂದರೆ ಬರೀ ಒಂದು ತಾಲ್ಲೂಕಿನ ಅಧಿಕಾರಿ. ಅವನ ಕೈಕೆಳಗೆ ಪಾರುಪತ್ಯಗಾರ. ಸೈನ್ಯದಲ್ಲಂತೂ ಮೀಸೆ ನೆರೆತ ಸುಬೇದಾರ, ನಿನ್ನೆ ಮೊನ್ನೆ ಬಂದ ಲೆಫ್ಟಿನೆಂಟ್ ಹುಡುಗನಿಗೆ ಸೆಲ್ಯೂಟ್ ಹೊಡೆಯಬೇಕು.

ನನ್ನ ವಾದ ಇಷ್ಟೇ: ನಮ್ಮಲ್ಲಿ ಸೀಮೆಯಾಳುವವನ ಹೆಸರು ಯಾವತ್ತೂ ಮೇಲಕ್ಕೆ ಹತ್ತಿದ್ದಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಳ್ಳುವವರೆಗೆ ಮೈಸೂರು ಸಂಸ್ಥಾನದ ನಗರ, ಮಂಜರಾಬಾದು, ಅಷ್ಟಗ್ರಾಮ, ಚಿತ್ರದುರ್ಗಗಳು ಒಂದೊಂದು ಫೌಜುದಾರಿ. ಈಗ ಧಾರವಾಡದ ಕಡೆ ಸ್ಟೇಷನ್ನಿನ ಸಬ್ ಇನ್‌ಸ್ಪೆಕ್ಟರನ್ನು ಕಂಡು "ಪೋಜದಾರ್ ಸಾಹೇಬ್ರು ಬಂದ್ರು" ಎಂದು ಬೀಡಿ ಆರಿಸುತ್ತಾರೆ. ಚಿತ್ರದುರ್ಗದ ಕೋಟೆಯಲ್ಲಿ ದೊರೆಯಾಗಿದ್ದ ನಾಯಕ, ಸೈನ್ಯ ಸೇರಿ ತೋಳಿನ ಮೇಲೆ ಎರಡು ಪಟ್ಟಿಯ ನಾಯಕ್ ಆದ. ಶಾಸನಗಳಲ್ಲಿ ಮೆರೆದ ಪೆರ್ಗಡೆ ಹೆಗಡೆಯಾಗಿ, ದೇಸಾಯಿ ದೇಸಾಯಿಯಾಗಿಯೇ, ಮನೆ ಬಾಗಿಲಿನ ಹೆಸರುಫಲಕಕ್ಕೆ ಬಂದು ಕೂತರು. ದಿವಾನರ ಗತಿ ಕೇಳಲೇಬೇಡಿ. ಫರ್ನಿಚರ್ ಅಂಗಡಿಯಲ್ಲಿ ದಿವಾನ್ ಕಾಟ್, ಹಾಸಿಗೆ ಫ್ರೀ.

"ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ" ಅನ್ನುತ್ತೇವಲ್ಲ, ಆ ಗಾದೆಯೂ ನನ್ನ ಪ್ರಕಾರ ಈ ಸಂಗತಿಯದೇ. ಮೇಷ್ಟರುಗಳು ಇದನ್ನು ಹೊಸ ದುಡ್ಡಿನವನ ಕಥೆ ಎಂದು ಪಾಠ ಮಾಡುತ್ತಾರೆ. ದುಡ್ಡು ಬಂದವನು ಕಡಗ ಮಾಡಿಸುತ್ತಾನೆ, ಮನೆಗೆ ಉಪ್ಪರಿಗೆ ಎಬ್ಬಿಸುತ್ತಾನೆ. ಕೊಡೆ ಯಾಕೆ ಹಿಡಿಯುತ್ತಾನೆ? ಕೊಡೆ ದುಡ್ಡಿಗೆ ಸಿಗುವ ಸರಕಾಗಿರಲಿಲ್ಲ. ಅರಸನ ಬೆಳ್ಗೊಡೆ ಎಂದರೆ ಆಳ್ವಿಕೆಯ ಗುರುತು. ಪಂಚಮಹಾಶಬ್ದದ ವಾದ್ಯ ಬಾರಿಸಿಕೊಳ್ಳುವ ಹಕ್ಕು ಪಡೆದದ್ದನ್ನೇ ಮಂಡಲೇಶ್ವರರು ಶಾಸನದಲ್ಲಿ ಬಿರುದಾಗಿ ಕೆತ್ತಿಸಿಕೊಳ್ಳುತ್ತಿದ್ದ ನಾಡು ಇದು. ಅಂಥ ಕಡೆ ಕೊಡೆ ಬಂತೆಂದರೆ ಪದವಿ ಬಂತೆಂದೇ ಅರ್ಥ. ಹಾಗಾಗಿ ಈ ಅಲ್ಪ ಲಾಟರಿ ಹೊಡೆದವನಲ್ಲ, ಆಗ ತಾನೆ ನೇಮಕವಾದ ಅಧಿಕಾರಿ. ಇನ್ನು ಅರ್ಧರಾತ್ರಿ. ಮಳೆಬಿಸಿಲಿನ ಕೊಡೆಗೆ ಹೊತ್ತುಗೊತ್ತು ಉಂಟು, ಪದವಿಯ ಕೊಡೆಗೆ ಇಲ್ಲ. ಸವಾರಿ ಹೊರಟದ್ದು ನಡುರಾತ್ರಿಯಾದರೆ ನಡುರಾತ್ರಿಯಲ್ಲೇ ಅದು ಬಿಚ್ಚಬೇಕು. ಅದನ್ನು ಕತ್ತಲಲ್ಲಿ ಜಗಲಿ ಮೇಲೆ ಕೂತು ನೋಡಿದ ರೈತನಿಗೆ ನಗು ಬಂದಿದೆ, ಗಾದೆ ಹುಟ್ಟಿದೆ. ಆ ಅಧಿಕಾರಿ ನಿಜಕ್ಕೂ ಎಲ್ಲಿ ಅಲ್ಪ ಎಂದರೆ, ಕೊಡೆಯನ್ನು ತಾನೇ ಹಿಡಿದದ್ದರಲ್ಲಿ. ಸರಿಯಾದ ಸುಬೇದಾರನಿಗೆ ಅದಕ್ಕೊಬ್ಬ ಆಳಿರುತ್ತಾನೆ. "ಕೊಡೆ ಹಿಡಿಸಿಕೊಂಡ" ಎನ್ನುವವರೂ ಇದ್ದಾರೆ. ಅವರು ಗಾದೆಯ ಸ್ವಾರಸ್ಯವನ್ನೇ ಕೆಡಿಸುತ್ತಾರೆ.

(ಛತ್ರ ಎಂದರೂ ಕೊಡೆಯೇ ಅಲ್ಲವೇ, ಸುಬೇದಾರ್ ಛತ್ರಕ್ಕೂ ಇದಕ್ಕೂ ನಂಟಿರಬಹುದೇ ಎಂದು ಯಾರೂ ಪತ್ರ ಬರೆಯಬೇಡಿ. ಅದು ದಾರಿಹೋಕರು ಉಂಡು ಮಲಗುವ ಛತ್ರ.)

ಹೆಣ್ಣುಮಕ್ಕಳೂ ಆಳಿದರು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ಸೀಮೆಯನ್ನು ಆಳಿ, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಆಮೇಲೆ ಬಂದ ಈ 'ದಾರ'ಗಳಿಗೆ ಸ್ತ್ರೀಲಿಂಗವೇ ಇಲ್ಲ. ಈಗ ತಾಲ್ಲೂಕು ಕಚೇರಿಯಲ್ಲಿ "ತಹಶೀಲ್ದಾರ್ ಮೇಡಂ" ಎಂದು ಅಂಟು ಹಾಕಿ ಕೆಲಸ ಸಾಗಿಸುತ್ತಿದ್ದೇವೆ.

  

ನನ್ನ ವಾದಕ್ಕೆ ಸಿಕ್ಕದೆ ತಪ್ಪಿಸಿಕೊಂಡ ಪದಗಳು ಎರಡು. ಟಿಪ್ಪು ತನ್ನ ಪ್ರಾಂತ್ಯಾಧಿಕಾರಿಗಳಿಗೆ ಇಟ್ಟ 'ಆಸಫ್' ಅವನ ಜತೆಗೇ ಹೋಯಿತು. ಇನ್ನೊಂದು 'ರಾಜಪ್ರಮುಖ'. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ರಾಜಪ್ರಮುಖರು. 1956ರ ನವೆಂಬರ್ 1ಕ್ಕೆ ಅವರೇ ರಾಜ್ಯಪಾಲರಾದರು, ದೇಶದಲ್ಲೆಲ್ಲ ಆ ಹಳೆಯ ಪದವಿ ರದ್ದಾಯಿತು. ಮೈಸೂರಿನಲ್ಲಿ ಏಳು ವರ್ಷವೂ ತುಂಬದೆ ಮೇಲಿನ ಮೆಟ್ಟಿಲಲ್ಲೇ ತೀರಿಕೊಂಡದ್ದರಿಂದ ಅದಕ್ಕೆ ಇಳಿಯುವ ಅವಮಾನ ತಪ್ಪಿತು. ರಾಜ್ಯಪಾಲ ಎಂಬುದಕ್ಕೆ ಇನ್ನೂ ಚಿಕ್ಕ ವಯಸ್ಸು. ಶಿರಾದಿಂದ ಮಡಿಕೇರಿಯ ತಾಲ್ಲೂಕು ಕಚೇರಿಗೆ ಇಳಿಯುವುದಕ್ಕೆ ಸುಬೇದಾರರಿಗೇ ನೂರೈವತ್ತು ವರ್ಷದ ಹತ್ತಿರ ಹಿಡಿದಿತ್ತು.