ಮಲ್ಯ ನಿವಾಸ, ಕಿಂಗ್‌ಫಿಷರ್ ಟವರ್ಸ್

ಮಲ್ಯ ನಿವಾಸವು ಬೆಂಗಳೂರಿನ ಯುಬಿ ಸಿಟಿ ಆವರಣದಲ್ಲಿರುವ ಕಿಂಗ್‌ಫಿಷರ್ ಟವರ್ಸ್ ವಸತಿ ಸಮುಚ್ಚಯದ ನೆತ್ತಿಯ ಮೇಲೆ ನಿರ್ಮಿಸಲಾದ ಎರಡಂತಸ್ತಿನ ಬಂಗಲೆ. ಯುನೈಟೆಡ್ ಬ್ರೂವರೀಸ್ ಸಮೂಹವನ್ನು ನಡೆಸಿದ ಮಲ್ಯ ಕುಟುಂಬದ ಹಳೆಯ ಮನೆಯಿದ್ದ ನಿವೇಶನದಲ್ಲೇ ಈ ಸಮುಚ್ಚಯವು ತಲೆಯೆತ್ತಿದೆ. ಅಮೆರಿಕದ ಶ್ವೇತಭವನವನ್ನು ಹೋಲುವ ಕಾರಣ ಪತ್ರಿಕೆಗಳು ಇದನ್ನು ‘ಆಕಾಶದ ಶ್ವೇತಭವನ’ ಎಂದು ಬಣ್ಣಿಸಿವೆ.

ಕುಟುಂಬದ ಹಿನ್ನೆಲೆ

ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ ದಕ್ಷಿಣ ಭಾರತದ ಐದು ಬಿಯರ್ ತಯಾರಿಕಾ ಘಟಕಗಳನ್ನು ಒಗ್ಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ಬಂಟ್ವಾಳ ಮೂಲದ ವಿಠ್ಠಲ್ ಮಲ್ಯ (1924–1983) ಅದರ ಷೇರುಗಳನ್ನು ಖರೀದಿಸಿ, 1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷವೇ ಅಧ್ಯಕ್ಷ ಸ್ಥಾನಕ್ಕೇರಿದರು. ಅವರ ನಿಧನಾನಂತರ ಪುತ್ರ ವಿಜಯ್ ಮಲ್ಯ ಸಮೂಹದ ಚುಕ್ಕಾಣಿ ಹಿಡಿದರು. ಮನೆಯ ಮುಂದಿನ ಗ್ರಾಂಟ್ ರಸ್ತೆಗೆ ಈಗ ವಿಠ್ಠಲ್ ಮಲ್ಯರ ಹೆಸರಿದೆ.

ನಿರ್ಮಾಣ ಮತ್ತು ಶೈಲಿ

2010ರಲ್ಲಿ ಯುಬಿ ಹೋಲ್ಡಿಂಗ್ಸ್ ಮತ್ತು ಪ್ರೆಸ್ಟೀಜ್ ಸಮೂಹ ಜಂಟಿಯಾಗಿ ಈ ಯೋಜನೆಯನ್ನು ಕೈಗೆತ್ತಿಕೊಂಡವು. ಹಳೆಯ ಮನೆಯನ್ನು ಕೆಡವಿ, ಸುಮಾರು ನಾಲ್ಕೂವರೆ ಎಕರೆ ಜಾಗದಲ್ಲಿ ಮೂರು ಗೋಪುರಗಳ, 34 ಮಹಡಿಗಳ ಕಟ್ಟಡವನ್ನು ರೂಪಿಸಲಾಯಿತು. ಉಳಿದ ಮಹಡಿಗಳಲ್ಲಿ ತಲಾ ಸುಮಾರು 8,000 ಚದರ ಅಡಿಯ ಐಷಾರಾಮಿ ಫ್ಲಾಟ್‌ಗಳಿದ್ದು, ನೆಲದಿಂದ ಸುಮಾರು 400 ಅಡಿ ಎತ್ತರದಲ್ಲಿ, ಹೊರಚಾಚಿದ ವಿಶಾಲ ಚಪ್ಪಡಿಯ ಮೇಲೆ ಸುಮಾರು 40,000 ಚದರ ಅಡಿಯ ಬಂಗಲೆ ನಿಂತಿದೆ.

ಬಿಳಿ ಹೊರಮೈ ಮತ್ತು ಕಂಬಸಾಲುಗಳು ನವಶಾಸ್ತ್ರೀಯ ಶೈಲಿಯವು. ಮಾದರಿಯಾದ ಶ್ವೇತಭವನವೇ ಮತ್ತೊಂದರ ಅನುಕರಣೆ: ಐರ್ಲೆಂಡ್ ಮೂಲದ ವಾಸ್ತುಶಿಲ್ಪಿ ಜೇಮ್ಸ್ ಹೋಬನ್ ಅದನ್ನು ರೂಪಿಸುವಾಗ ಡಬ್ಲಿನ್‌ನ ಲೀನ್‌ಸ್ಟರ್ ಹೌಸ್ ಅನ್ನು ಮುಂದಿಟ್ಟುಕೊಂಡಿದ್ದರು. ಈ ಶೈಲಿ ಇಲ್ಲಿನ ಪರಿಸರಕ್ಕೂ ಹೊಸತಲ್ಲ. ಸಮೀಪದ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ (1877) ಮತ್ತು ಕಬ್ಬನ್ ಉದ್ಯಾನದ ಅಠಾರಾ ಕಚೇರಿ (1868) ಇದೇ ಪರಂಪರೆಗೆ ಸೇರಿವೆ. ಆದರೆ ಅವು ಜನರು ನಡೆದು ಒಳಹೋಗಬಹುದಾದ ಸಾರ್ವಜನಿಕ ಕಟ್ಟಡಗಳು. ಬಂಗಲೆಯಾದರೋ ರಸ್ತೆಯಿಂದ ಕತ್ತೆತ್ತಿ ನೋಡಬೇಕಾದದ್ದು.

ನಂತರದ ಬೆಳವಣಿಗೆಗಳು

ಸಾಲದ ಹೊರೆಯಿಂದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಕಟ್ಟಡದ ಕೆಲಸ ಮುಗಿಯುವ ಮುನ್ನವೇ, 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ದೇಶ ತೊರೆದರು. ಅದೇ ವರ್ಷ ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿಕೊಂಡ ಆಸ್ತಿಗಳಲ್ಲಿ ಈ ಸಮುಚ್ಚಯದ ಫ್ಲಾಟ್‌ಗಳೂ ಸೇರಿದ್ದವು. ಯೋಜನೆಯ ಪಾಲುದಾರ ಸಂಸ್ಥೆಯಾದ ಯುಬಿ ಹೋಲ್ಡಿಂಗ್ಸ್‌ನ ಸಮಾಪನೆಗೆ ಕರ್ನಾಟಕ ಉಚ್ಚ ನ್ಯಾಯಾಲಯ 2017ರಲ್ಲಿ ಆದೇಶಿಸಿತು. ಯುನೈಟೆಡ್ ಬ್ರೂವರೀಸ್‌ನ ಬಹುಪಾಲು ಒಡೆತನ 2021ರಲ್ಲಿ ನೆದರ್ಲೆಂಡ್ಸ್‌ನ ಹೈನೆಕೆನ್ ಕಂಪನಿಯ ಕೈಸೇರಿತು.